ಕಪ್ಪು ಎರಡರ ಪೆಟ್ಟಿಗೆ

ಗಿಟಾರು ನೋಡಲು ಬರುವವರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಕೊಳ್ಳಲು ಬಂದವರು ಮೊದಲು ನನ್ನ ಮುಖ ನೋಡುತ್ತಾರೆ, ನೋಡಲು ಮಾತ್ರ ಬಂದವರು ಗೋಡೆ ನೋಡುತ್ತಾರೆ. ಗೋಡೆಯಿಂದ ಇಳಿಸಿ ಕೊಟ್ಟರೆ ತೊಡೆಯ ಮೇಲಿಟ್ಟುಕೊಂಡು ಬೇಕಾದಷ್ಟು ಹೊತ್ತು ನುಡಿಸುತ್ತಾರೆ. ಯಾವುದು ಕೈಗೆ ಹಿತ, ಯಾವುದರ ತಂತಿ ಬೆರಳು ಕೊಯ್ಯುತ್ತದೆ ಎಂದು ನನ್ನಿಂದಲೇ ಕೇಳಿ ತಿಳಿದುಕೊಳ್ಳುತ್ತಾರೆ. ಕೊನೆಗೆ ಒಳಗೆ ಅಂಟಿಸಿದ ಚೀಟಿಯ ಫೋಟೋ ಹೊಡೆದುಕೊಂಡು, ಮನೆಯಲ್ಲಿ ಕೇಳಿ ಬರುತ್ತೇವೆ ಅಕ್ಕ ಎನ್ನುತ್ತಾರೆ. ಮನೆಯಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ. ನನ್ನ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಫೋನಿನಲ್ಲಿ ಆರ್ಡರ್ ಆಗಿರುತ್ತದೆ.

ಅಷ್ಟಕ್ಕೆ ಮುಗಿದರೆ ನನಗೂ ಇಷ್ಟು ಮೈ ಉರಿಯುತ್ತಿರಲಿಲ್ಲ. ಕೆಲವು ದಿನ ಕಳೆದು ಅದೇ ಗಿಟಾರು ರಟ್ಟಿನ ಪೆಟ್ಟಿಗೆಯಲ್ಲಿ ಅವರ ಮನೆಗೆ ಬಂದಿಳಿದ ಮೇಲೆ, ಅದನ್ನು ಹೆಗಲಿಗೆ ಹಾಕಿಕೊಂಡು ನನ್ನಲ್ಲಿಗೇ ಬರುತ್ತಾರೆ. ಸ್ವಲ್ಪ ಟ್ಯೂನ್ ಮಾಡಿ ಕೊಡಿ ಅಕ್ಕ, ನಿಮಗೆ ಎರಡು ನಿಮಿಷದ ಕೆಲಸ ಅಲ್ಲವಾ ಎನ್ನುತ್ತಾರೆ. ನಾನು ಮಾಡಿಕೊಡುತ್ತೇನೆ, ಬೈದುಕೊಂಡೇ ಮಾಡಿಕೊಡುತ್ತೇನೆ. ನನ್ನ ಬಾಯಿ ಕೆಟ್ಟದ್ದು ಎಂದು ಪುತ್ತೂರು ಪೇಟೆಯಲ್ಲಿ ಹೆಸರಿದೆ, ಆ ಹೆಸರು ಸುಳ್ಳಲ್ಲ. ಇವರೇ ದೀಪಾವಳಿ ಹತ್ತಿರ ಬರುವಾಗ ನಮ್ಮ ಊರಿನ ಸಣ್ಣ ಅಂಗಡಿಗಳನ್ನು ಉಳಿಸಿ ಎಂಬ ಮೆಸೇಜನ್ನು ನನಗೇ ಕಳುಹಿಸುತ್ತಾರೆ. ಮೇಲಿಂದ ಕೈ ಮುಗಿದ ಒಂದು ಚಿತ್ರ ಬೇರೆ.

ಅಂಗಡಿ ಅಪ್ಪನದು. ಬಸ್‌ಸ್ಟ್ಯಾಂಡಿನಿಂದ ತುಸು ಒಳಗೆ, ಹಳೆಯ ಹಂಚಿನ ಕಟ್ಟಡದಲ್ಲಿದೆ. ಈಗ ಮುಂದಿನ ಅರ್ಧದಲ್ಲಿ ಶಾಲೆಯ ಪುಸ್ತಕ, ಪೆನ್ನು, ಬಣ್ಣದ ಕಾಗದ ಮಾರುತ್ತೇನೆ. ವಾದ್ಯಗಳೆಲ್ಲ ಹಿಂದಕ್ಕೆ ಸರಿದಿವೆ. ಒಂದು ಕಾಲದಲ್ಲಿ ಕಡಬದ ಕಡೆಯಿಂದ ಇಗರ್ಜಿಯ ಕೀಬೋರ್ಡಿಗೆ ಬರುತ್ತಿದ್ದರು, ಈಶ್ವರಮಂಗಲದಿಂದ ಅರ್ಧ ಮಲಯಾಳದಲ್ಲಿ ಮಾತಾಡುತ್ತ ಚೆಂಡೆಯವರು ಬರುತ್ತಿದ್ದರು, ಸುಳ್ಯದ ಹಳ್ಳಿಗಳ ಭಜನಾ ಮಂಡಳಿಯವರಂತೂ ಚೌತಿ ಹತ್ತಿರವಾದಂತೆ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ನಾನು ಮದುವೆಯಾಗಿ ಇದೇ ಪೇಟೆಯಲ್ಲಿ ಉಳಿದವಳು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಸಹಾಯಕ್ಕೆಂದು ಬಂದೆ, ಅವರು ಹೋದ ಮೇಲೂ ಇಲ್ಲೇ ಉಳಿದೆ.

ವ್ಯಾಪಾರ ಮಾಡಲು ಅಪ್ಪನಿಗೆ ಗೊತ್ತೇ ಇರಲಿಲ್ಲ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಆಟಿ ತಿಂಗಳ ಜಡಿಮಳೆಯಲ್ಲಿ ಅವರು ಹಾರ್ಮೋನಿಯಂ ಮಾರುತ್ತಿರಲಿಲ್ಲ. ಮರ ನೀರು ಕುಡಿದಿರುತ್ತದೆ, ಈಗ ಕೇಳುವ ಸ್ವರ ಇದರ ಸ್ವರವೇ ಅಲ್ಲ, ಬಿಸಿಲು ಬಂದ ಮೇಲೆ ಬನ್ನಿ ಎಂದು ಕೈಯಲ್ಲಿ ದುಡ್ಡು ಹಿಡಿದು ಬಂದವರನ್ನು ಸುಳ್ಯದ ಬಸ್ಸಿಗೆ ವಾಪಸು ಹತ್ತಿಸುತ್ತಿದ್ದರು. ಇನ್ನೊಂದು ರೂಢಿ ಎಂದರೆ, ಪೆಟ್ಟಿಗೆ ಕೊಳ್ಳಲು ಬಂದವರು ಮೊದಲು ಹಾಡಬೇಕಿತ್ತು. ನಮ್ಮ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಎಂದೇ ಹೇಳುವುದು. ಚಪ್ಪಲಿ ಕೊಳ್ಳುವವನು ಕಾಲು ತೋರಿಸುವುದಿಲ್ಲವಾ, ಹಾಗೆ ಎನ್ನುತ್ತಿದ್ದರು. ಸಂಕೋಚದವರು ಬೆವರುತ್ತಿದ್ದರು. ಅವರಿಗೆ ಒಂದು ಕಾಫಿ ತರಿಸಿ, ಕುಡಿದ ಮೇಲೆ ನಿಧಾನಕ್ಕೆ ಒಂದು ಪದ ಹೇಳಿ ಎನ್ನುತ್ತಿದ್ದರು. ಹಾಡುವಾಗ ಅಪ್ಪ ಅವರ ಮುಖ ನೋಡದೆ ಬೀದಿಯ ಕಡೆ ನೋಡುತ್ತ ಕೂತು, ಆಮೇಲೆ ಒಳಗೆ ಹೋಗಿ ಯಾವುದೋ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು ಬರುತ್ತಿದ್ದರು. ಅದು ಹೆಚ್ಚಾಗಿ ಅವರು ಬಯಸಿದ್ದಕ್ಕಿಂತ ಕಡಿಮೆ ಬೆಲೆಯದ್ದೇ ಆಗಿರುತ್ತಿತ್ತು.

ಹಾಗೆ ಹಾಡಿ ಪೆಟ್ಟಿಗೆ ಕೊಂಡವರಲ್ಲಿ ಒಬ್ಬರು ಮರ್ಕಂಜದ ಕಡೆಯ ಒಂದು ಭಜನಾ ಮಂಡಳಿಯ ಮುಖ್ಯ ಹಾಡುಗಾರರು. ನಮ್ಮ ಮನೆಯಲ್ಲಿ ಅವರಿಗೆ ಭಜನೆ ಮಾವ ಎಂದೇ ಹೆಸರು. ಅರೆಭಾಷೆ ಮಾತಾಡುವ ಮನೆತನ, ಸ್ವಂತ ಕೃಷಿ, ಗಟ್ಟಿ ಆಳು. ಪಾಠ ಅಂತ ಯಾರಲ್ಲೂ ಕಲಿತವರಲ್ಲ. ಹಾರ್ಮೋನಿಯಂ ನುಡಿಸುತ್ತ ತಾನೇ ಹಾಡುವುದು, ಉಳಿದವರು ಹಿಂದಿನಿಂದ ಎತ್ತಿಕೊಳ್ಳುವುದು. ಅವರ ಶ್ರುತಿ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಕೀಯನ್ನೇ ಷಡ್ಜ ಮಾಡಿಕೊಂಡು ಹಾಡುವುದು. ಶ್ರುತಿ ಎತ್ತರವಿದ್ದಷ್ಟೂ ನಮ್ಮಲ್ಲಿ ಗಂಡಸರಿಗೆ ಅದೊಂದು ದೊಡ್ಡಸ್ತಿಕೆ. ಯಾರ ಶ್ರುತಿ ಎಷ್ಟು ಎಂದು ಮೀಸೆಯ ಹಾಗೆ ನೋಡುತ್ತಾರೆ. ಮಾವನ ಬೆರಳಿಗಂತೂ ಕಪ್ಪು ಎರಡು ಬಿಟ್ಟರೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಎಲ್ಲ ಪದಗಳೂ ಅವರಿಗೆ ಅಲ್ಲಿಂದಲೇ ಶುರು. ಒಂದು ಕೀ ಆಚೆ ಈಚೆ ಮಾಡಿ ಹಾಡಿ ಎಂದರೆ ಕತ್ತಲೆಯಲ್ಲಿ ಪರರ ಮನೆಯ ಅಡುಗೆಕೋಣೆಗೆ ಹೊಕ್ಕವರ ಹಾಗೆ ತಡವರಿಸುತ್ತಿದ್ದರು.

ನಾನು ಅಂಗಡಿಗೆ ಬರಲು ಶುರು ಮಾಡುವುದಕ್ಕೂ ಮೊದಲು, ಒಂದು ವರ್ಷ ಚೌತಿಯ ಮುಂಚೆ ಮಾವ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದು ಒಂದು ದೂರು ಹೇಳಿದರಂತೆ. ಪೆಟ್ಟಿಗೆಯ ಶ್ರುತಿ ಏರಿದೆ, ಹಾಡಲು ಗಂಟಲು ಎಳೆಯುತ್ತದೆ, ಬೇಸಗೆಯ ಸೆಕೆಗೆ ಏನೋ ಆಗಿರಬೇಕು, ನೋಡಿ ಎಂದು. ಅಪ್ಪ ಪೆಟ್ಟಿಗೆ ಬಿಚ್ಚಿ ನೋಡಿದರು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಇದ್ದ ಹಾಗೆಯೇ ಇದ್ದವು. ಸೆಕೆಗೆ ಹಾಗೆಲ್ಲ ಪೆಟ್ಟಿಗೆ ಏರುವುದಿಲ್ಲ. ಇಳಿದದ್ದು ಮಾವನ ಸ್ವರ. ವಯಸ್ಸಾದಂತೆ ಎಲ್ಲರದ್ದೂ ಇಳಿಯುತ್ತದೆ, ಅದೇನು ನಾಚಿಕೆಯ ಸಂಗತಿಯಲ್ಲ. ಆದರೆ ಬೆಂಚಿನ ಮೇಲೆ ಕೂತಿದ್ದ ಮಾವನ ಮುಖ ನೋಡಿ ಅಪ್ಪನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಹೌದು, ಸ್ವಲ್ಪ ಏರಿದೆ, ಇಳಿಸಿ ಕೊಡುತ್ತೇನೆ ಎಂದರಂತೆ.

ರೀಡಿನ ಬುಡದಲ್ಲಿ ಸ್ವಲ್ಪ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ಇಷ್ಟೇ ವಿದ್ಯೆ, ಆದರೆ ಒಂದಲ್ಲ, ಪೆಟ್ಟಿಗೆಯ ಎಲ್ಲ ರೀಡುಗಳನ್ನೂ ಒಂದೇ ಅಳತೆಯಲ್ಲಿ ಇಳಿಸಬೇಕು. ಅಪ್ಪ ಇಳಿಸಿದರು. ಮಾವ ಅದೇ ಕಪ್ಪು ಎರಡು ಒತ್ತಿ ಹಾಡಿದರು, ಸ್ವರ ಸಲೀಸಾಗಿ ಹೋಯಿತು. ಈಗ ನೋಡಿ, ಪೆಟ್ಟಿಗೆಯದ್ದೇ ತೊಂದರೆ ಇದ್ದದ್ದು ಎಂದು ಖುಷಿಯಲ್ಲಿ ಮನೆಗೆ ಹೋದರು.

ಅಲ್ಲಿಂದ ಅದೊಂದು ವರ್ಷದ ಕೆಲಸವಾಯಿತು. ಚೌತಿಗೆ ಮೊದಲು ಸರ್ವಿಸಿಗೆಂದು ಮಾವ ಪೆಟ್ಟಿಗೆ ತರುತ್ತಿದ್ದರು. ಮೊದಲು ಕಾಫಿ, ಆಮೇಲೆ ಸುಮ್ಮನೆ ಒಂದು ಪದ. ಪೆಟ್ಟಿಗೆ ಮೇಜಿನ ಮೇಲೆ ಬಿಚ್ಚಿ ಬಿದ್ದಿರುತ್ತಿತ್ತು, ಮಾವ ಬರಿ ಬಾಯಲ್ಲಿ ಹಾಡುತ್ತಿದ್ದರು. ಈ ವರ್ಷ ಅವರ ಸ್ವರ ಎಲ್ಲಿ ನಿಂತಿದೆ ಎಂದು ಅಪ್ಪ ಬೀದಿ ನೋಡುತ್ತ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಎಲ್ಲ ವರ್ಷವೂ ಇಳಿಸಬೇಕಾಗುತ್ತಿರಲಿಲ್ಲ, ಇಳಿಸಬೇಕಾದಾಗ ಮಾತಿಲ್ಲದೆ ಇಳಿಸುತ್ತಿದ್ದರು. ನನಗೆ ಕೆಲಸ ಕಲಿಸಿದಾಗ ಇದನ್ನೂ ಕಲಿಸಿದರು. ಯಾರಿಗೂ ಹೇಳುವುದು ಬೇಡ, ಹಾಡುವವನಿಗೆ ಧೈರ್ಯವೇ ಅರ್ಧ ಸ್ವರ ಎಂದರು. ಅಪ್ಪ ಹೋದ ಮೇಲೆ ನಾನೂ ಹಾಗೆಯೇ ಬೀದಿ ನೋಡುತ್ತ ಕೂತೆ, ಹಾಗೆಯೇ ಇಳಿಸಿದೆ. ಮಾವ ಎಲ್ಲಿಗೆ ಹೋದರೂ ತನ್ನದೇ ಪೆಟ್ಟಿಗೆ ಬೇಕೆಂದು ಹಟ ಮಾಡಿ ಜೀಪಿನಲ್ಲಿ ಹಾಕಿಸಿಕೊಂಡು ಹೋಗುತ್ತಿದ್ದರು. ಬೇರೆ ಮಂಡಳಿಯವರು ಅದನ್ನು ಜಂಬ ಎಂದರು. ಬೇರೆ ಪೆಟ್ಟಿಗೆಯಲ್ಲಿ ಹಾಡಿದ್ದರೆ ಗುಟ್ಟು ಒಡೆಯುತ್ತಿತ್ತು, ನನಗದು ಉಪಕಾರವೇ ಆಗಿತ್ತು.

ಇಂಥದ್ದೊಂದು ಸೇವೆಯನ್ನು ಯಾವ ಫೋನಿನ ಅಂಗಡಿಯೂ ಕೊಡುವುದಿಲ್ಲ ಎಂದು ನಾನು ಬೋರ್ಡು ಬರೆಸಿ ಹಾಕುವಂತಿರಲಿಲ್ಲ. ಹಾಕಿದರೆ ಸೇವೆಯೇ ಮುಗಿಯುತ್ತಿತ್ತು. ನಮ್ಮಂಥ ಅಂಗಡಿಗಳ ಹಣೆಬರಹವೇ ಇದು. ನಾವು ಕೊಡುವ ವಸ್ತುವಿಗೆ ಬೆಲೆಯ ಚೀಟಿ ಇರುತ್ತದೆ, ಅದನ್ನು ಫೋನಿನಲ್ಲಿ ಬೇರೆ ಚೀಟಿಯ ಜೊತೆ ಹೋಲಿಸಬಹುದು. ಉಳಿದದ್ದಕ್ಕೆ ಚೀಟಿಯೇ ಇಲ್ಲ.

ಮಂಡಳಿಗೆ ಹೊಸ ಕಾರ್ಯದರ್ಶಿ ಬಂದ. ಸುಳ್ಯದಲ್ಲಿ ಕೆಲಸ, ಚುರುಕಿನ ಹುಡುಗ, ಒಳ್ಳೆಯವನೇ. ಭಜನೆಗೆ ಮಕ್ಕಳನ್ನು ಸೇರಿಸಿದವನು ಅವನು. ಅವನಿಗೆ ಎಲ್ಲದಕ್ಕೂ ಫೋನು. ಅದರಲ್ಲಿ ಶ್ರುತಿ ನೋಡುವ ಒಂದು ಆ್ಯಪ್ ಹಾಕಿಕೊಂಡಿದ್ದ, ಸರಿ ಇದ್ದರೆ ಹಸಿರು ಬೆಳಕು, ತಪ್ಪಿದ್ದರೆ ಕೆಂಪು. ಒಂದು ದಿನ ಮಾವ ನುಡಿಸುವ ಮಂಡಳಿಯ ಪೆಟ್ಟಿಗೆಗೆ ಅದನ್ನು ಹಿಡಿದಿದ್ದಾನೆ. ಎಲ್ಲ ಕೀಯೂ ಕೆಂಪು.

ಆ ವರ್ಷ ಬೇಸಗೆಯಲ್ಲೇ ಪೆಟ್ಟಿಗೆ ಬಂತು. ಕಾರ್ಯದರ್ಶಿ, ಮಂಡಳಿಯ ಇನ್ನಿಬ್ಬರು, ಅವರೊಟ್ಟಿಗೆ ಮಾವ. ಮಾವ ತನ್ನ ಮಾಮೂಲು ಬೆಂಚಿನಲ್ಲಿ ಕೂತರು. ಕಾರ್ಯದರ್ಶಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಫೋನು ಇಟ್ಟು, ಕಪ್ಪು ಎರಡು ಒತ್ತಿ ತೋರಿಸಿದ. ಕೆಂಪು. ನನ್ನ ಕಪಾಟಿನಲ್ಲಿದ್ದ ಹೊಸ ಪೆಟ್ಟಿಗೆಯನ್ನೇ ಇಳಿಸಲು ಹೇಳಿ ಅದಕ್ಕೂ ಹಿಡಿದ. ಹಸಿರು.

"ಪ್ರತಿ ವರ್ಷ ಸರ್ವಿಸಿಗೆ ನಿಮ್ಮಲ್ಲಿಗೇ ತರುದು ಅಕ್ಕ," ಎಂದ. "ಮತ್ತೆ ಹೀಗೆ ಆದದ್ದು ಹೇಗೆ?"

ಸಿಟ್ಟು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಒಂದೇ ವಾಕ್ಯದಲ್ಲಿ ಅವನ ಫೋನನ್ನೂ ಅವನನ್ನೂ ಮೆಟ್ಟಿಲಿಳಿಸಬಹುದಿತ್ತು. ಆದರೆ ಮಾವ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು, ಪೆಟ್ಟಿಗೆಗೆ ಏನಾಗಿದೆ ಎಂದು ನಿಜಕ್ಕೂ ತಿಳಿಯಬೇಕೆಂಬ ಮುಖದಲ್ಲಿ. ನಾನು ಕಾಲು ಬದಲಿಸಿ ನಿಂತು, ಹಳೆಯ ಪೆಟ್ಟಿಗೆ ಅಲ್ಲವಾ, ತಂಡಿ ಹಿಡಿದು ಇಳಿದಿರಬಹುದು ಎಂದೆ. ಇಷ್ಟು ವರ್ಷ ಕೆಲಸ ಮಾಡಿದವಳ ಬಾಯಲ್ಲಿ ಅಂಥ ಪೊಳ್ಳು ಮಾತು ಬಂದದ್ದು ನನಗೇ ಅಸಹ್ಯವಾಯಿತು. ಮಂಡಳಿಯ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆ ದಿನ ಅವರು ಪದ ಹೇಳಲಿಲ್ಲ.

ಹೊಸ ಪೆಟ್ಟಿಗೆ ತೆಗೆದುಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು. ನನಗೆ ಸಮಾಧಾನವೇ ಆಯಿತು. ಕಪಾಟಿನದ್ದನ್ನೇ ಕೊಂಡರೆ, ಕೊಡುವ ಮೊದಲು ಅದನ್ನೂ ಮಾವನ ಸ್ವರಕ್ಕೆ ತಂದು ಕೊಡಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ನಾನು ಲೆಕ್ಕ ಹಾಕುತ್ತಿದ್ದಂತೆ ಕಾರ್ಯದರ್ಶಿ ಚೀಟಿಯ ಫೋಟೋ ಹೊಡೆದುಕೊಂಡ. ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ ಅಕ್ಕ ಎಂದ. ನನಗೆ ಅರ್ಥವಾಯಿತು. ಎಲ್ಲಿಂದ ಬೇಕಾದರೂ ತರಿಸಿ, ಮಾವ ಅದರಲ್ಲಿ ಹಾಡುವ ಮೊದಲು ಒಂದು ಸಲ ನನ್ನಲ್ಲಿಗೆ ತನ್ನಿ ಎಂದು ಮೆಟ್ಟಿಲವರೆಗೆ ಹೋಗಿ ಹೇಳಿದೆ. ಆಗಲಿ ಎಂದ. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಎಂದು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ನಾನು ಅದನ್ನು ಬಟ್ಟೆ ಸುತ್ತಿ ಮೇಜಿನ ಅಡಿಗೆ ತಳ್ಳಿದೆ.

ಸುದ್ದಿ ಮಂಡಳಿಗಳ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತು. ನಿಮ್ಮ ನಿಮ್ಮ ಪೆಟ್ಟಿಗೆಗಳನ್ನು ಫೋನಿನಲ್ಲಿ ಪರೀಕ್ಷಿಸಿಕೊಳ್ಳಿ, ಸರ್ವಿಸ್ ಹೆಸರಿನಲ್ಲಿ ಶ್ರುತಿ ಹಾಳು ಮಾಡುವವರು ಇದ್ದಾರೆ ಎಂದು. ಅಂಗಡಿಯ ಹೆಸರು ಹಾಕಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಸುತ್ತಿನಲ್ಲಿ ಪೆಟ್ಟಿಗೆ ಬಿಚ್ಚುವವಳು ನಾನೊಬ್ಬಳೇ. ಅರಂತೋಡಿನ ಮಂಡಳಿಯವರು ಬಂದು, ಬಿಚ್ಚಿಟ್ಟಿದ್ದ ಪೆಟ್ಟಿಗೆಯನ್ನು ಕೆಲಸ ಮುಗಿಯುವ ಮೊದಲೇ ವಾಪಸು ಕೇಳಿದರು. ಕಡಬದ ಕಡೆಯವರು ಆ ವರ್ಷ ಬರಲೇ ಇಲ್ಲ. ಅಂಗಡಿಯಲ್ಲಿ ಮಾರಾಟ ಎಂದೋ ನಿಂತಿತ್ತು, ರಿಪೇರಿಯ ಮೇಲೆ ಉಸಿರಾಡುತ್ತಿದ್ದೆ. ಈಗ ಅದಕ್ಕೂ ಕಲ್ಲು ಬಿತ್ತು. ಅಪ್ಪನ ಕೈ ಎಂದರೆ ಕೈ ಎನ್ನುತ್ತಿದ್ದ ಊರಿನಲ್ಲಿ ಅಪ್ಪನ ಹೆಸರನ್ನೇ ಅನುಮಾನದಲ್ಲಿ ಹೇಳತೊಡಗಿದರು.

ಆಮೇಲೆ ಆಮಂತ್ರಣ ಪತ್ರಿಕೆ ಬಂತು. ಮಂಡಳಿಯ ವಾರ್ಷಿಕ ಭಜನೆ, ಹೊಸ ಹಾರ್ಮೋನಿಯಂ ಸಮರ್ಪಣೆ. ಹಿಂದಿನ ಪುಟದಲ್ಲಿ ಸಹಕರಿಸಿದವರ ಪಟ್ಟಿಯಲ್ಲಿ ನಮ್ಮ ಅಂಗಡಿ. ಅಪ್ಪನ ಕಾಲದಿಂದ ಕೊಡುತ್ತ ಬಂದ ದೇಣಿಗೆಯನ್ನು ಆ ವರ್ಷವೂ ಮೊದಲೇ ಕೊಟ್ಟಾಗಿತ್ತು. ರಶೀದಿ ಪುಸ್ತಕ ಹಿಡಿದು ಬರುವವರಿಗೆ ಊರಿನ ಅಂಗಡಿಯ ದಾರಿ ಚೆನ್ನಾಗಿ ಗೊತ್ತು. ಚೌತಿಗೆ, ಕಬಡ್ಡಿಗೆ, ಯಕ್ಷಗಾನಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಯಾರೂ ಫೋನಿನ ಕಂಪೆನಿಗೆ ರಶೀದಿ ಹರಿದದ್ದನ್ನು ನಾನು ಕಂಡಿಲ್ಲ. ಪೆಟ್ಟಿಗೆ ಎಲ್ಲಿಂದಲೋ ಬರುತ್ತದೆ, ಅದರ ಸಮರ್ಪಣೆಯ ಪಾಯಸಕ್ಕೆ ದುಡ್ಡು ಪೆಟ್ಟಿಗೆ ಮಾರಲಾಗದವಳ ಕೈಯಿಂದ ಹೋಗುತ್ತದೆ.

ನಾನು ಹೋದೆ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು, ಮತ್ತೆ ಹೊಟ್ಟೆಕಿಚ್ಚು ಇದ್ದದ್ದೂ ಹೌದು. ಹೆಂಗಸರ ಸಾಲಿನಲ್ಲಿ ಕೂತೆ. ಹೊಸ ಪೆಟ್ಟಿಗೆಗೆ ಹೂವು ಹಾಕಿ, ಕುಂಕುಮ ಹಚ್ಚಿದ್ದರು. ಅದನ್ನು ಯಾರೂ ನನ್ನಲ್ಲಿಗೆ ತಂದಿರಲಿಲ್ಲ. ಮಾವ ಬಿಳಿ ಅಂಗಿ, ಜರಿ ಶಾಲು ಹಾಕಿ ಅದರ ಮುಂದೆ ಕೂತರು. ಕಪ್ಪು ಎರಡರ ಮೇಲೆ ಬೆರಳಿಟ್ಟು ತಿದಿ ಒತ್ತಿದರು.

ಸ್ವರ ಹಳೆಯ ಪೆಟ್ಟಿಗೆಯದ್ದಕ್ಕಿಂತ ಎಷ್ಟೋ ಮೇಲಿತ್ತು. ಅಷ್ಟು ಎತ್ತರದಲ್ಲಿ ಅವರು ಹಾಡಿ ಎಷ್ಟೋ ವರ್ಷಗಳಾಗಿದ್ದವು, ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಮೊದಲ ಸಾಲು ಕಷ್ಟದಲ್ಲಿ ಹೋಯಿತು. ಎರಡನೆಯ ಸಾಲು ಮೇಲಕ್ಕೆ ಏರುವಂಥದ್ದು. ಅಲ್ಲಿ ಗಂಟಲು ಒಡೆಯಿತು. ಮಾವ ಕೆಮ್ಮಿ, ನೀರು ಕುಡಿದು, ಇನ್ನೊಮ್ಮೆ ಶುರು ಮಾಡಿದರು. ಇನ್ನೊಮ್ಮೆಯೂ ಅಲ್ಲೇ ಒಡೆಯಿತು. ಹಿಂದೆ ಕೂತವರು ದನಿ ಏರಿಸಿ ಮುಚ್ಚಿಹಾಕಿದರು, ಮಕ್ಕಳಲ್ಲಿ ಯಾರೋ ನಕ್ಕರು. ಆ ಪದ ಹೇಗೋ ಮುಗಿದ ಮೇಲೆ ಮಾವ ಶಾಲು ಸರಿ ಮಾಡಿಕೊಂಡು ಪೆಟ್ಟಿಗೆಯ ಮುಂದಿನಿಂದ ಎದ್ದರು. ಯಾರೂ ಏಳಿ ಎಂದಿರಲಿಲ್ಲ. ಕಾರ್ಯದರ್ಶಿಯ ಕೈ ಹಿಡಿದು ಅಲ್ಲಿ ಕೂರಿಸಿ, ತಾವು ಹಿಂದಿನ ಸಾಲಿಗೆ ಹೋಗಿ ತಾಳ ತೆಗೆದುಕೊಂಡರು.

ಊಟದ ಹೊತ್ತಿಗೆ ನಾನು ಕಾರ್ಯದರ್ಶಿಯನ್ನು ಬದಿಗೆ ಕರೆದೆ. ಪೆಟ್ಟಿಗೆ ಒಂದು ದಿನ ಕೊಡು, ಸ್ವಲ್ಪ ಇಳಿಸಿ ಕೊಡುತ್ತೇನೆ, ಹಿರಿಯರಿಗೆ ಎತ್ತರ ಆಗುತ್ತದೆ ಎಂದೆ. ಅವನು ಹಿಂಬದಿಯ ಸೀಲು ತೋರಿಸಿದ. ಅದು ಒಡೆದರೆ ವಾರಂಟಿ ಹೋಗುತ್ತದಂತೆ. ಅಲ್ಲದೆ ಈಗ ಎಲ್ಲ ಹಸಿರು ತೋರಿಸುತ್ತದೆ, ಸರಿ ಇದ್ದದ್ದನ್ನು ತಪ್ಪು ಮಾಡುವುದು ಯಾಕೆ ಎಂದು ಕೇಳಿದ. ಹಾಗಾದರೆ ಮಾವನಿಗೆ ಒಂದು ಕೀ ಕೆಳಗಿನಿಂದ ಹಾಡಲು ಹೇಳು ಎಂದೆ. ಅವನು ಆಗಲೇ ಹೇಳಿ ನೋಡಿದ್ದ. ನನ್ನದು ಕಪ್ಪು ಎರಡು, ಇಳಿಯುವುದಾದರೆ ಹಾಡುವುದೇ ಬೇಡ ಎಂದರಂತೆ. ಅವನ ಎಲೆಯಲ್ಲಿ ಪಾಯಸ ಇತ್ತು, ನಾನು ಉಣ್ಣದೆ ಬಸ್ಸು ಹತ್ತಿದೆ.

ಮಳೆಗಾಲ ಬಂತು. ನಮ್ಮ ಮಳೆಗೆ ಸೀಲೂ ಗೊತ್ತಿಲ್ಲ, ವಾರಂಟಿಯೂ ಗೊತ್ತಿಲ್ಲ. ಆಟಿ ಮುಗಿಯುವುದರೊಳಗೆ ಹೊಸ ಪೆಟ್ಟಿಗೆಯ ಕೀಗಳು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡವು, ತಿದಿಗೆ ಬೂಷ್ಟು ಬಂತು. ಎಲ್ಲಿಯದೋ ಮರ, ಎಲ್ಲಿಯದೋ ಗೋಂದು. ಕಾರ್ಯದರ್ಶಿ ಫೋನಿನಲ್ಲಿ ದೂರು ಕೊಟ್ಟು, ಫೋಟೋ ಕಳುಹಿಸಿ, ಯಾರ್ಯಾರಲ್ಲೋ ಹಿಂದಿಯಲ್ಲಿ ಮಾತಾಡಿ ಸೋತ. ತೇವದಿಂದ ಆದ ಹಾನಿ ವಾರಂಟಿಯಲ್ಲಿ ಬರುವುದಿಲ್ಲವಂತೆ. ಚೌತಿ ಹತ್ತಿರ ಬಂದಿತ್ತು. ಕೊನೆಗೆ ನನ್ನ ಮೆಟ್ಟಿಲು ಹತ್ತಿದ. ಶ್ರುತಿ ಮಾತ್ರ ಮುಟ್ಟಬೇಡಿ ಅಕ್ಕ ಎಂದು ಬಾಗಿಲಲ್ಲೇ ಹೇಳಿದ. ಈಗ ಮಕ್ಕಳೆಲ್ಲ ಇದಕ್ಕೇ ಅಭ್ಯಾಸ ಮಾಡಿದ್ದಾರಂತೆ, ಮಾವ ಹಾಡುವುದು ಬಿಟ್ಟಿದ್ದಾರಂತೆ.

ಸೀಲು ನಾನೇ ಒಡೆದೆ. ರೀಡುಗಳೆಲ್ಲ ನನ್ನ ಕೈಯ ಕೆಳಗೆ ಇದ್ದವು. ಬುಡದಲ್ಲಿ ಒಂದಿಷ್ಟು ಕೆರೆದರೆ ಮಾವನ ಸ್ವರ ಬರುತ್ತಿತ್ತು, ಆದರೆ ಕೆರೆಯುವಂತಿರಲಿಲ್ಲ. ಕೀಗಳನ್ನು ಉಜ್ಜಿ ಸಡಿಲಿಸಿದೆ, ತಿದಿ ಒರೆಸಿ ಬಿಸಿಲು ಬಂದಾಗೆಲ್ಲ ಒಣಗಿಸಿದೆ, ಕಿಲುಬು ಹಿಡಿದ ರೀಡುಗಳನ್ನು ಶುಚಿ ಮಾಡಿ ಅವನ ಆ್ಯಪ್ ಕೇಳುವ ಜಾಗಕ್ಕೇ ತಂದು ಕೂರಿಸಿದೆ. ಯಾವ ಎತ್ತರದಲ್ಲಿ ಮಾವನಿಗೆ ಹಾಡಲು ಆಗುವುದಿಲ್ಲವೋ ಆ ಎತ್ತರವನ್ನು ನನ್ನ ಕೈಯಿಂದಲೇ ಭದ್ರ ಮಾಡಿದೆ. ಅಷ್ಟು ಬೇಸರದಲ್ಲಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಪೆಟ್ಟಿಗೆ ಕೊಂಡುಹೋಗಲು ಜೀಪು ಬಂದಾಗ ಮಾವನೂ ಬಂದಿದ್ದರು. ಕಾರ್ಯದರ್ಶಿಗೆ ಪೇಟೆಯಲ್ಲಿ ಚೌತಿಯ ಸಾಮಾನು ಕೊಳ್ಳುವುದಿತ್ತು, ಮಾವನನ್ನು ನನ್ನಲ್ಲಿ ಬಿಟ್ಟು ಹೋದ. ಮಾವ ಬೆಂಚಿನಲ್ಲಿ ಕೂತರು. ನಾನು ಕಾಫಿ ತರಿಸಿದೆ. ಕುಡಿದಾದ ಮೇಲೆ, ಅಭ್ಯಾಸ ಬಲದಿಂದ, ಬೀದಿಯ ಕಡೆ ತಿರುಗಿ ಕೂತೆ. ಪದ ಬರಲಿಲ್ಲ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ," ಎಂದರು. "ಆ ಪೆಟ್ಟಿಗೆ ತಪ್ಪಿದೆ ಅಂತ ನಿನ್ನ ಅಪ್ಪನಿಗೆ ಗೊತ್ತಿರ್ಲಿಲ್ವಾ?"

ನಾನು ಕಾಫಿ ಲೋಟ ಎತ್ತಿ ಬದಿಗಿಟ್ಟೆ.

"ಇಷ್ಟು ವರ್ಷ ನಾನು ಹಾಡಿದ್ದೆಲ್ಲ ತಪ್ಪು ಶ್ರುತಿಯಲ್ಲಿ. ಅದೂ ದೇವರ ಎದುರು. ಅದಕ್ಕೇ ಸ್ವರ ಕೆಟ್ಟದ್ದು, ಈಗ ಸರಿ ಪೆಟ್ಟಿಗೆ ಸಿಕ್ಕಿದ್ರೂ ಏರುದಿಲ್ಲ. ನಿನ್ನ ಅಪ್ಪನಾದ್ರೂ ಒಂದು ಮಾತು ಹೇಳ್ಬಹುದಿತ್ತು."

ಕಾರ್ಯದರ್ಶಿಯ ಮುಂದೆ ನುಂಗಿದ್ದು ಮಾವನ ಮುಂದೆ ನುಂಗಲು ಆಗಲಿಲ್ಲ. ನನಗೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ಅಪ್ಪನಿಗೆ ಹೇಳಿದ್ದು ತಡೆಯಲಿಲ್ಲ. ಮೇಜಿನ ಅಡಿಯಿಂದ ಹಳೆಯ ಪೆಟ್ಟಿಗೆಯನ್ನು ಎಳೆದು, ಬಟ್ಟೆ ಬಿಚ್ಚಿ, ಹೊಸದರ ಪಕ್ಕದಲ್ಲಿಟ್ಟೆ.

"ಪೆಟ್ಟಿಗೆ ತಪ್ಪಿರ್ಲಿಲ್ಲ ಮಾವ," ಎಂದೆ. "ನಿಮ್ಮ ಸ್ವರ ಇಳಿದ ಹಾಗೆ ಅಪ್ಪ ಅದನ್ನೂ ಇಳಿಸ್ತಾ ಬಂದದ್ದು. ಅಪ್ಪನ ನಂತರ ನಾನು ಇಳಿಸಿದ್ದು. ಕೇಳಿ ನೋಡಿ."

ಹೊಸದರ ಕಪ್ಪು ಎರಡು ಒತ್ತಿದೆ. ಆಮೇಲೆ ಹಳೆಯದರ ಕಪ್ಪು ಎರಡು. ನಡುವಿನ ಅಂತರ ಸಂಗೀತ ಗೊತ್ತಿಲ್ಲದವರಿಗೂ ಕೇಳುವಷ್ಟಿತ್ತು. ಮಾವ ತಲೆ ಓರೆ ಮಾಡಿ ಕೇಳಿದರು. ಇನ್ನೊಮ್ಮೆ ಒತ್ತು ಎಂದು ಕೈಸನ್ನೆ ಮಾಡಿದರು. ಒತ್ತಿದೆ. ಅವರ ಮುಖದಲ್ಲಿ ಸಮಾಧಾನ ಕಾಣಬಹುದು, ತಾನು ತಪ್ಪು ಹಾಡಿರಲಿಲ್ಲ ಎಂದು ಹಗುರಾಗಬಹುದು ಎಂದು ನಾನು ಎಣಿಸಿದ್ದೆ. ಆ ಮುಖ ನೋಡಿ ನನಗೆ ಭಯವಾಯಿತು.

"ಇಷ್ಟು ಇಳಿದಿದ್ದೇನಾ ನಾನು?" ಎಂದರು.

ಎಲ್ಲರದ್ದೂ ಇಳಿಯುತ್ತದೆ ಮಾವ ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಮಂಡಳಿಯಲ್ಲಿ ಯಾರಿಗಾದರೂ ಗೊತ್ತುಂಟಾ ಎಂದು ಕೇಳಿದರು. ಇಲ್ಲ, ಅಪ್ಪ ಯಾರಿಗೂ ಹೇಳಿರಲಿಲ್ಲ, ನಾನೂ ಹೇಳಿಲ್ಲ ಎಂದೆ. ಬೆಂಚಿನ ಅಂಚನ್ನು ಹಿಡಿದಿದ್ದ ಅವರ ಕೈ ಸ್ವಲ್ಪ ಸಡಿಲವಾಯಿತು.

ಆಗ ನಾನು ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ. ಅಂಗಡಿ ಶ್ರುತಿ ಹಾಳು ಮಾಡಿತು ಎಂದು ಊರೆಲ್ಲ ಮಾತಾಗಿದೆ, ಪೆಟ್ಟಿಗೆಗಳು ಬರುವುದು ನಿಂತಿದೆ. ಬೇರೆ ಯಾರು ಹೇಳಿದರೂ ನಂಬುವುದಿಲ್ಲ, ನೀವು ಕಾರ್ಯದರ್ಶಿಗೆ ಒಂದು ಮಾತು ಹೇಳಿದರೆ ಅಪ್ಪನ ಹೆಸರು ಉಳಿಯುತ್ತದೆ ಎಂದೆ. ಈ ಅಂಗಡಿಗಾಗಿ ನಾನು ಯಾರ ಮುಂದೆಯೂ ಹಾಗೆ ಕೈಯೊಡ್ಡಿರಲಿಲ್ಲ, ಬ್ಯಾಂಕಿನವರ ಮುಂದೆಯೂ. ಮಾವ ಎರಡು ಪೆಟ್ಟಿಗೆಗಳನ್ನೂ ನೋಡುತ್ತ ಕೂತರು.

ಕಾರ್ಯದರ್ಶಿ ಚೀಲಗಳನ್ನು ಹಿಡಿದು ಮೆಟ್ಟಿಲು ಹತ್ತಿ ಬಂದ. ಮೇಜಿನ ಮೇಲೆ ಎರಡು ಪೆಟ್ಟಿಗೆ ಕಂಡು, ಇದೆಂತ, ಹಳೆಯದು ಇನ್ನೂ ಉಂಟಾ ಎಂದು ಕೇಳಿದ. ನಾನು ಮಾವನ ಮುಖ ನೋಡಿದೆ. ಮಾವ ಶಾಲು ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು.

"ಎಂತ ಇಲ್ಲ ಮಾರಾಯ, ಎರಡನ್ನೂ ಒಟ್ಟಿಗೆ ಕೇಳಿ ನೋಡಿದ್ದು," ಎಂದರು. "ನೀನು ಹೇಳಿದ್ದು ಸರಿ. ಈ ಹಳೇ ಪೆಟ್ಟಿಗೆ ಇವಳ ಅಪ್ಪನ ಕಾಲದಿಂದಲೇ ತಪ್ಪು. ಇಲ್ಲದಿದ್ರೆ ನನ್ನ ಸ್ವರಕ್ಕೆ ಎಂತ ಆಗಿತ್ತು?"

ಕಾರ್ಯದರ್ಶಿ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಗೆದ್ದ ಸೊಕ್ಕು ಇರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ.

"ಹೌದಾ ಅಕ್ಕ?"

ಮಾವ ನನ್ನನ್ನೇ ನೋಡುತ್ತಿದ್ದರು. ಅಪ್ಪನ ಮುಂದೆ ಮೊದಲ ಸಲ ದೂರು ತಂದ ದಿನವೂ ಅವರು ಹೀಗೆಯೇ ನೋಡಿರಬೇಕು.

"ಹೌದು," ಎಂದೆ. "ಅಪ್ಪನಿಗೆ ಸರಿಯಾಗಿ ಗೊತ್ತಿರ್ಲಿಲ್ಲ."